ಫೆರಿ ಹತ್ತಿ ಪಶ್ಚಿಮ ಕರಾವಳಿ: ಯಾವ ತಿಂಗಳಿಗೆ ಯಾವ ನೀರು?

ಪಶ್ಚಿಮ ಕರಾವಳಿಯನ್ನು ನೀರಿನ ಮೇಲಿಂದ ನೋಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಊರು ಗೊತ್ತುಮಾಡಿಕೊಂಡು ಆಮೇಲೆ ರಜೆ ಹೊಂದಿಸುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ನಿಮ್ಮ ಕೈಯಲ್ಲಿರುವ ತಿಂಗಳು ಯಾವುದು ನೋಡಿ. ಆ ತಿಂಗಳಲ್ಲಿ ಯಾವ ನೀರು ದೋಣಿಗೆ ಒಲಿಯುತ್ತದೆ ನೋಡಿ. ಊರು ಆಮೇಲೆ ತಾನಾಗಿ ಗೊತ್ತಾಗುತ್ತದೆ. ಜುಲೈನಲ್ಲಿ ಮಲ್ಪೆಗೆ ಹೋಗಿ ಸೇಂಟ್ ಮೇರಿಸ್ ದ್ವೀಪದ ಬೋಟು ಕೇಳಿದರೆ ದಡದಿಂದಲೇ ದ್ವೀಪ ನೋಡಿ ಮರಳಬೇಕಾಗುತ್ತದೆ. ಅದೇ ಜುಲೈನಲ್ಲಿ ಗೋವಾದ ಮಾಂಡವಿ ನದಿಯ ಫೆರಿಯೂ ಕೊಚ್ಚಿಯ ವಾಟರ್ ಮೆಟ್ರೊ ದೋಣಿಯೂ ಎಂದಿನಂತೆ ಓಡಾಡುತ್ತಿರುತ್ತವೆ.

ಮುಂಬಯಿಯಿಂದ ಆಲಪ್ಪುಳದವರೆಗಿನ ಫೆರಿಗಳನ್ನು ನೀರಿನ ಲೆಕ್ಕದಲ್ಲಿ ವಿಂಗಡಿಸಿದರೆ ಸಿಗುವುದು ಮೂರು ಬಗೆ. ಮಲ್ಪೆಯಿಂದ ಸೇಂಟ್ ಮೇರಿಸ್, ಮುರ್ಡೇಶ್ವರದಿಂದ ನೇತ್ರಾಣಿ, ಮಾಲ್ವಣದಿಂದ ಸಿಂಧುದುರ್ಗ, ರಾಜಪುರಿಯಿಂದ ಜಂಜೀರಾ ಕೋಟೆ, ಇವೆಲ್ಲ ತೆರೆದ ಕಡಲಿನವು. ನದಿ ಕಡಲು ಸೇರುವ ಅಳಿವೆಗಳನ್ನೂ ಕೊಲ್ಲಿಗಳನ್ನೂ ದಾಟಿಸುವವು ಎರಡನೆಯ ಬಗೆ: ಗೋವಾದ ಫೆರಿಗಳು, ರತ್ನಾಗಿರಿ ಕಡೆಯ ವಾಹನ ಸಾಗಿಸುವ ಬೋಟುಗಳು, ನಮ್ಮ ತದಡಿ–ಅಘನಾಶಿನಿಯ ದೋಣಿ, ಮಂಗಳೂರಿನ ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ಕಡವು. ಮೂರನೆಯದು ಕೇರಳದ ಹಿನ್ನೀರು. ಮೊದಲ ಬಗೆಗೆ ವರ್ಷದಲ್ಲಿ ಆರೇಳು ತಿಂಗಳ ಆಯುಸ್ಸು. ಉಳಿದೆರಡು ಬಹುಮಟ್ಟಿಗೆ ವರ್ಷವಿಡೀ ನಡೆಯುತ್ತವೆ, ಯಾಕೆಂದರೆ ಅವು ಪ್ರವಾಸಿಗಳಿಗಾಗಿ ಹುಟ್ಟಿದವಲ್ಲ. ಶಾಲೆಗೆ ಹೋಗುವ ಮಕ್ಕಳು, ಮೀನು ಮಾರುವ ಹೆಂಗಸರು, ಕಚೇರಿಯ ನೌಕರರು ದಾಟಲೇಬೇಕಾದ ನೀರು ಅದು.

ನನ್ನ ಒಲವು ಈ ಎರಡನೆಯ ಬಗೆಗೆ. ಕಡಲ ಮಧ್ಯದಿಂದ ನೋಡಿದರೆ ಕರಾವಳಿ ಒಂದು ಹಸಿರು ಗೆರೆಯಾಗಿ ಕಾಣುತ್ತದೆ. ಅಳಿವೆ ದಾಟುವಾಗ ಮಾತ್ರ ಅದರ ಬದುಕು ಹತ್ತಿರಕ್ಕೆ ಬರುತ್ತದೆ: ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡಗಳು, ಮರಳ ದಿಬ್ಬ, ಬಲೆ ಒಣಗಿಸುವ ದಡ, ಬೆನ್ನಿಗೆ ನಿಂತ ಘಟ್ಟ. ಮೊದಲ ಸಲ ಹೋಗುವವರು ದ್ವೀಪದ ಬೋಟಿಗೆ ಮುಗಿಬೀಳುವುದು ಸಹಜ. ಆದರೆ ಒಂದೇ ಪ್ರವಾಸಕ್ಕೆ ಅವಕಾಶವಿದ್ದರೆ ನಾನು ಅಳಿವೆಯನ್ನೇ ಆರಿಸಿ ಎನ್ನುತ್ತೇನೆ.

ಗಾಳಿ ಮತ್ತು ಉಬ್ಬರ

ಹೋಲಿಕೆಗೆ ಇಳಿಯುವ ಮುಂಚೆ ಎರಡು ಸಂಗತಿ ತಿಳಿದಿರಬೇಕು. ಕರಾವಳಿಯವರಿಗೆ ಇದು ಹೊಸದೇನಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತಿದ್ದೇನೆ.

ನೈಋತ್ಯ ಮುಂಗಾರು ವಾಡಿಕೆಯಂತೆ ಜೂನ್ 1ರ ಹೊತ್ತಿಗೆ ಕೇರಳ ಮುಟ್ಟುತ್ತದೆ, ನಾಲ್ಕೈದು ದಿನದಲ್ಲಿ ಕರ್ನಾಟಕದ ಕರಾವಳಿಗೆ ಬರುತ್ತದೆ, 10–11ರ ಸುಮಾರಿಗೆ ಮುಂಬಯಿ ತಲುಪುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ದ್ವೀಪ ಮತ್ತು ಕೋಟೆಗಳ ಪ್ರವಾಸಿ ಬೋಟುಗಳು ಅದಕ್ಕೂ ಮುಂಚೆ, ಮೇ ತಿಂಗಳ ಕೊನೆಗೇ ನಿಲ್ಲುತ್ತವೆ. ಮರಳಿ ಶುರುವಾಗುವುದು ಕಡಲು ತಣಿದಂತೆ. ಕೊಂಕಣದ ಕೋಟೆಗಳಿಗೆ ಸೆಪ್ಟೆಂಬರ್ ಹೊತ್ತಿಗೆ, ಮಲ್ಪೆಯಲ್ಲಿ ಕೆಲವು ವರ್ಷ ಅದಕ್ಕಿಂತಲೂ ತಡವಾಗಿ. ಕೊಂಕಣದ ಮೀನುಗಾರರು ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ, ನಮ್ಮ ಮೊಗವೀರರು ಸಮುದ್ರ ಪೂಜೆ ಮಾಡುತ್ತಾರೆ. ಕಡಲು ಮತ್ತೆ ದುಡಿಮೆಗೆ ತೆರೆಯುವ ಹೊತ್ತು ಅದು. ಪ್ರವಾಸಿಗೆ ಅಷ್ಟೇ ಸಾಲದು, ಇನ್ನೂ ಒಂದು ತಿಂಗಳು ಕಾಯುವುದು ಒಳ್ಳೆಯದು.

ಇನ್ನೊಂದು ಉಬ್ಬರ–ಇಳಿತ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಇಂದಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಆದರೆ ಏರಿಳಿತದ ಪ್ರಮಾಣ ಕರಾವಳಿಯುದ್ದಕ್ಕೂ ಒಂದೇ ತರ ಇಲ್ಲ. ಕೊಚ್ಚಿಯಲ್ಲಿ ಒಂದು ಮೀಟರಿನ ಆಸುಪಾಸು, ಮಂಗಳೂರಿನಲ್ಲಿ ಒಂದೂವರೆ, ಕಾರವಾರದಲ್ಲಿ ಎರಡರ ಹತ್ತಿರ. ಮುಂಬಯಿಗೆ ಬಂದರೆ ಹುಣ್ಣಿಮೆ ಅಮಾವಾಸ್ಯೆಯ ದಿನಗಳಲ್ಲಿ ನಾಲ್ಕು ಮೀಟರಿಗೂ ಮೀರುತ್ತದೆ. ಹೀಗಾಗಿ ಉತ್ತರಕ್ಕೆ ಹೋದಂತೆ ದೋಣಿಯ ವೇಳಾಪಟ್ಟಿ ಗಡಿಯಾರದ ಜೊತೆಗೆ ನೀರನ್ನೂ ನೋಡುತ್ತದೆ. ಗೋವಾದ ಉತ್ತರ ತುದಿಯ ಕೇರಿ–ತೇರೆಖೋಲ್ ಫೆರಿಗೆ ಇಳಿತದ ಹೊತ್ತಿನಲ್ಲಿ ಮರಳು ಅಡ್ಡ ಬರುತ್ತದೆ, ಆಗ ಕಾಯಬೇಕು ಅಥವಾ ಬೇರೆ ಧಕ್ಕೆಗೆ ಹೋಗಬೇಕು. ಕೊಚ್ಚಿಯಲ್ಲಿ ಈ ತಲೆಬಿಸಿ ಇಲ್ಲ. ಎರಡು ಗಂಟೆ ಕಾಯಲು ತಾಳ್ಮೆ ಇಲ್ಲದವರು ದಕ್ಷಿಣಕ್ಕೆ ಹೋಗುವುದು ವಾಸಿ.

ಮಳೆಗಾಲ: ಗೋವಾವೋ ಕೇರಳವೋ

ಜೂನ್‌ನಿಂದ ಆಗಸ್ಟ್‌ವರೆಗೆ ಫೆರಿ ಪ್ರವಾಸವೆಂದರೆ ನಿಜವಾದ ಆಯ್ಕೆ ಇವೆರಡರ ನಡುವೆ. ಮುಂಬಯಿಯ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಹೋಗುವ ರೋ-ರೋ ಹಡಗೂ ಇದೆ. 2020ರ ಮಾರ್ಚ್‌ನಲ್ಲಿ ಶುರುವಾದ ಈ ಹಡಗು ಕಾರುಗಳನ್ನೂ ಹೊತ್ತು ಸುಮಾರು ಒಂದು ಗಂಟೆಯಲ್ಲಿ ದಾಟಿಸುತ್ತದೆ. ಗೇಟ್‌ವೇ ಆಫ್ ಇಂಡಿಯಾದಿಂದ ಹೊರಡುವ ಸಣ್ಣ ಬೋಟುಗಳು ಮಾಂಡ್ವಾಕ್ಕೆ ಮಳೆಗಾಲದಲ್ಲಿ ಹೋಗುವುದಿಲ್ಲ, ರೋ-ರೋ ಮಾತ್ರ ಹವೆ ಬಿಟ್ಟುಕೊಟ್ಟ ದಿನಗಳಲ್ಲಿ ಹೋಗುತ್ತದೆ. ಆದರೆ ಅದಕ್ಕಾಗಿಯೇ ಕರ್ನಾಟಕದಿಂದ ಮುಂಬಯಿಗೆ ಹೋಗುವಷ್ಟು ದೊಡ್ಡ ಆಕರ್ಷಣೆ ಅದಲ್ಲ.

ಗೋವಾದ ಫೆರಿ ಪ್ರಯಾಣ ಐದು–ಹತ್ತು ನಿಮಿಷದ್ದು. ಅದರ ಸುಖ ಇರುವುದು ದಾಟಿದ ಮೇಲೆ. ಸರ್ಕಾರದ ನದಿ ಸಂಚಾರ ಇಲಾಖೆ ನಡೆಸುವ ಹಳೆಯ ಫೆರಿಗಳಲ್ಲಿ ನಡೆದು ಹತ್ತುವವರಿಗೆ ದುಡ್ಡಿಲ್ಲ. ಪಣಜಿ–ಬೇತಿ, ರಾಯಬಂದರ್–ಚೊಡಣ, ಹಳೆ ಗೋವಾ–ದಿವಾಡಿ, ಈ ಮೂರನ್ನು ಒಂದೇ ದಿನದಲ್ಲಿ ದಾಟಬಹುದು. ಹಾಗೆ ಮಾಡದೆ ದಿವಾಡಿ ಒಂದಕ್ಕೇ ಇಡೀ ದಿನ ಕೊಡಿ. ಹಳೆ ಗೋವಾದಲ್ಲಿ ವೈಸ್‌ರಾಯ್ ಕಮಾನಿನ ಕೆಳಗೆ ನಡೆದರೆ ನೇರ ಫೆರಿ ಧಕ್ಕೆ. ಆಚೆ ದಡದಲ್ಲಿ ಗದ್ದೆಯ ನಡುವಿನ ದಾರಿ, ದಿಬ್ಬದ ಮೇಲೆ ಪಿಯೆದಾದ್ ಇಗರ್ಜಿ, ಹಳೆಯ ಮನೆಗಳು. ದ್ವೀಪದ ಇನ್ನೊಂದು ತುದಿಯಿಂದ ನಾರ್ವೆಗೆ ಮತ್ತೊಂದು ಫೆರಿ. ಅಲ್ಲಿ ಸಪ್ತಕೋಟೇಶ್ವರನ ಗುಡಿ. ಗೋವೆಯ ಕದಂಬರ ಆರಾಧ್ಯ ದೈವ ಆತ. ಮೂಲ ಗುಡಿ ದಿವಾಡಿಯಲ್ಲೇ ಇತ್ತು, ಪೋರ್ಚುಗೀಸರ ಕಾಲದಲ್ಲಿ ನಾಶವಾಗಿ ದೇವರು ನದಿ ದಾಟಿದ. ಈಗಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಬನವಾಸಿ, ಹಾನಗಲ್ಲುಗಳ ಕದಂಬರನ್ನು ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಈ ಎರಡು ಫೆರಿಗಳ ದಾರಿ ಬೇರೆಯೇ ಅರ್ಥ ಕೊಡುತ್ತದೆ. ಆಗಸ್ಟ್‌ನ ನಾಲ್ಕನೆಯ ಶನಿವಾರ ದಿವಾಡಿಯಲ್ಲಿ ಬೊಂದೆರಾಂ ಹಬ್ಬ. ಗದ್ದಲ ಬೇಡವಾದರೆ ಆ ದಿನ ಬಿಟ್ಟು ಹೋಗಿ.

ಕೇರಳದ್ದು ಇದಕ್ಕೆ ವಿರುದ್ಧ. ಅಲ್ಲಿ ದೋಣಿಯ ಮೇಲೆ ಕಳೆಯುವ ಹೊತ್ತೇ ಪ್ರವಾಸ. ಆಲಪ್ಪುಳದಿಂದ ಕೊಟ್ಟಾಯಂಗೆ ರಾಜ್ಯ ಜಲಸಾರಿಗೆ ಇಲಾಖೆಯ ಬೋಟು ಸುಮಾರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ಟಿಕೆಟ್ಟು ತೀರ ಅಗ್ಗ. ವೆಂಬನಾಡ್ ಸರೋವರ ದಾಟಿ ಕುಟ್ಟನಾಡಿನ ಕಾಲುವೆಗಳಿಗೆ ಹೊಕ್ಕಾಗ ಒಂದು ವಿಚಿತ್ರ ಕಾಣುತ್ತದೆ: ನೀರು ಮೇಲೆ, ಭತ್ತದ ಗದ್ದೆ ಕೆಳಗೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಬೇಸಾಯ ಮಾಡುವ ನಾಡು ಅದು, ಏರಿ ಕಟ್ಟಿ ನೀರು ಹೊರಹಾಕಿ ಬಿತ್ತುತ್ತಾರೆ. ಹೌಸ್‌ಬೋಟಿಗೆ ಸಾವಿರಾರು ರೂಪಾಯಿ ಕೊಟ್ಟವರು ನೋಡುವ ನೀರೂ ಇದೇ. ರಾತ್ರಿ ನೀರಿನ ಮೇಲೆ ಮಲಗುವ ಆಸೆ ಇದ್ದರೆ ಮಾತ್ರ ಹೌಸ್‌ಬೋಟು ಹಿಡಿಯಿರಿ. ನೋಡುವುದಷ್ಟೇ ಆದರೆ ಸರ್ಕಾರಿ ಬೋಟು ಹೆಚ್ಚು ತೋರಿಸುತ್ತದೆ, ಯಾಕೆಂದರೆ ಅದು ಪ್ರತಿ ಕಡವಿನಲ್ಲೂ ನಿಲ್ಲುತ್ತದೆ. ಕಾಲುವೆಯ ಕೆಲಸ ನಡೆಯುವಾಗ ಬೋಟು ಕೊಟ್ಟಾಯಂ ಪೇಟೆವರೆಗೆ ಹೋಗದೆ ಕಾಂಜಿರಂ ಬಳಿ ನಿಲ್ಲುವುದುಂಟು, ಹತ್ತುವಾಗಲೇ ಕೇಳಿಕೊಳ್ಳಿ.

ಕುಟ್ಟನಾಡಿಗೆ ಮಳೆಗಾಲವೇ ಸರಿ ಎನ್ನಲು ಇನ್ನೊಂದು ಕಾರಣವಿದೆ. ಉಪ್ಪುನೀರು ಗದ್ದೆಗೆ ನುಗ್ಗದಂತೆ ತಣ್ಣೀರ್‌ಮುಕ್ಕಂ ಅಣೆಕಟ್ಟಿನ ಬಾಗಿಲುಗಳನ್ನು ಡಿಸೆಂಬರ್ ನಡುವಿನಿಂದ ಬೇಸಿಗೆಯವರೆಗೆ ಮುಚ್ಚುತ್ತಾರೆ. ಆಗ ನೀರಿನ ಓಟ ನಿಂತು ಅಂತರಗಂಗೆ ಕಳೆ ಬೆಳೆಯುತ್ತದೆ, ನೀರು ಕೊಳೆಯುತ್ತದೆ. ಎಲ್ಲರೂ ಹೋಗುವ ಕ್ರಿಸ್‌ಮಸ್ ರಜೆಯಲ್ಲಿ ಹಿನ್ನೀರು ತನ್ನ ಒಳ್ಳೆಯ ರೂಪದಲ್ಲಿರುವುದಿಲ್ಲ. ಮಳೆ ತೊಳೆದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇರುತ್ತದೆ. ಪುನ್ನಮಡ ಕೆರೆಯ ಹಾವುದೋಣಿ ಸ್ಪರ್ಧೆ, ನೆಹರೂ ಟ್ರೋಫಿ, ಸಾಮಾನ್ಯವಾಗಿ ನಡೆಯುವುದೂ ಆಗಸ್ಟ್‌ನಲ್ಲೇ. ನೆರೆ ಎಚ್ಚರಿಕೆ ಇದ್ದ ದಿನಗಳಲ್ಲಿ ಮಾತ್ರ ಆ ಕಡೆ ಸುಳಿಯಬೇಡಿ.

ಕೊಚ್ಚಿ ಇನ್ನೂ ಸುಲಭ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ವಾಟರ್ ಮೆಟ್ರೊದ್ದು ಬ್ಯಾಟರಿಯಿಂದ ಓಡುವ, ನೂರು ಜನ ಹಿಡಿಯುವ, ಹವಾನಿಯಂತ್ರಿತ ದೋಣಿಗಳು. ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್. ಧಕ್ಕೆ ನೀರಿನ ಮೇಲೆ ತೇಲುವಂಥದ್ದು, ಹಾಗಾಗಿ ಉಬ್ಬರವಿರಲಿ ಇಳಿತವಿರಲಿ ದೋಣಿಯ ನೆಲವೂ ಧಕ್ಕೆಯ ನೆಲವೂ ಒಂದೇ ಮಟ್ಟದಲ್ಲಿರುತ್ತವೆ. ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುತ್ತದೆ. ಮಂಡಿನೋವಿನ ಅಮ್ಮನನ್ನು ನೀರಿನ ಮೇಲೆ ಕರೆದೊಯ್ಯಬೇಕು ಅನ್ನುವವರಿಗೆ ಇಡೀ ಪಶ್ಚಿಮ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ದೋಣಿ ನನಗೆ ಗೊತ್ತಿಲ್ಲ. ಕಿಟಕಿ ತೆರೆಯದಿರುವುದೊಂದೇ ಕೊರತೆ. ಗಾಳಿ, ನೀರಿನ ವಾಸನೆ ಬೇಕಾದವರು ಎರ್ನಾಕುಲಂ–ಫೋರ್ಟ್ ಕೊಚ್ಚಿಯ ಹಳೆ ಸರ್ಕಾರಿ ಬೋಟು ಹತ್ತಲಿ. ಸ್ವಲ್ಪ ದಾರಿ ಬಳಸಿ ವೈಕಂಗೆ ಹೋದರೆ ತವಣಕಡವಿಗೆ ದಾಟುವ ‘ಆದಿತ್ಯ’ ಸಿಗುತ್ತದೆ. 2017ರಿಂದ ಓಡುತ್ತಿರುವ, ದೇಶದ ಮೊದಲ ಸೌರಶಕ್ತಿ ಫೆರಿ ಅದು. ಎಂಜಿನ್ ಸದ್ದಿಲ್ಲದ ದೋಣಿಯಲ್ಲಿ ಕೂತವರು ತಾವೂ ಮೆಲುದನಿಯಲ್ಲಿ ಮಾತಾಡುತ್ತಾರೆ.

ಒಟ್ಟಿನಲ್ಲಿ ಮಳೆಗಾಲಕ್ಕೆ, ಸೈಕಲ್ಲು ಬೈಕು ಇರುವವರಿಗೆ, ನಡೆಯಬಲ್ಲವರಿಗೆ ಗೋವಾ. ಹಿರಿಯರು ಎಳೆಮಕ್ಕಳು ಜೊತೆಗಿದ್ದರೆ ಕೇರಳ.

ಮಳೆ ಬಿಟ್ಟ ಮೇಲೆ: ವಾಹನ ಸಮೇತ ಕೊಂಕಣ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ನದಿ ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಆಕಾಶ ತೊಳೆದಿಟ್ಟಂತಿರುತ್ತದೆ. ದಕ್ಷಿಣದಲ್ಲಿ ಈ ಹೊತ್ತಿಗೆ ಹಿಂಗಾರು ಮಧ್ಯಾಹ್ನದ ಗುಡುಗು ತರುತ್ತದೆ. ಹಾಗಾಗಿ ಈ ತಿಂಗಳುಗಳಲ್ಲಿ ಉತ್ತರಕ್ಕೆ ಹೋಗಿ. ಸ್ವಂತ ಕಾರು ಅಥವಾ ಬೈಕು ಇದ್ದವರಿಗೆ ಭಾರತದಲ್ಲೇ ಅಪರೂಪವಾದ ದಾರಿ ರಾಯಗಡ–ರತ್ನಾಗಿರಿ ಜಿಲ್ಲೆಗಳ ಕಡಲಂಚಿನದು.

ದಕ್ಷಿಣದಿಂದ ಹೊರಟರೆ ಕೊಲ್ಹಾಪುರ, ಅಂಬಾ ಘಾಟಿ ಇಳಿದು ರತ್ನಾಗಿರಿ, ಗಣಪತಿಪುಳೆ. ಮುಂದೆ ಜಯಗಡದಲ್ಲಿ ಶಾಸ್ತ್ರಿ ನದಿ ಅಡ್ಡ ಬರುತ್ತದೆ. ವಾಹನವನ್ನು ಫೆರಿಗೆ ಹತ್ತಿಸಿದರೆ ಆಚೆ ತವಸಾಳ. ಗುಹಾಗರ್ ದಾಟಿ ಧೋಪಾವೆಗೆ ಬಂದರೆ ವಾಶಿಷ್ಠಿ ನದಿ, ಆಚೆ ದಾಭೋಳ. ಹರ್ಣೈ, ಕೇಳಶಿ ಕಳೆದು ವೇಸ್ವಿಯಲ್ಲಿ ಸಾವಿತ್ರಿ ನದಿ, ಆಚೆ ಬಾಗಮಾಂಡ್ಲಾ, ಅಲ್ಲಿಂದ ಹರಿಹರೇಶ್ವರ ಹತ್ತಿರ. ಶ್ರೀವರ್ಧನ್, ದಿವೇಆಗರ್ ಮೇಲೆ ದಿಘಿಗೆ ಹೋದರೆ ರಾಜಪುರಿ ಕೊಲ್ಲಿ, ಆಚೆ ಆಗರದಾಂಡಾ, ಮುರುಡ್. ನಾಲ್ಕು ನೀರು ದಾಟಿದರೂ ದೋಣಿಯ ಮೇಲೆ ಕಳೆಯುವುದು ಪ್ರತಿಸಲ ಹತ್ತು ಹದಿನೈದು ನಿಮಿಷ. ಆದರೆ ಒಂದೊಂದು ದಾಟುವಿಕೆಯೂ ಒಳನಾಡಿನ ಸೇತುವೆಯವರೆಗೆ ಹೋಗಿಬರುವ ದೊಡ್ಡ ಸುತ್ತು ತಪ್ಪಿಸುತ್ತದೆ. ದಾಭೋಳದಲ್ಲಿ ಫೆರಿ ತಪ್ಪಿದರೆ ಚಿಪಳೂಣ ಸುತ್ತಿ ಬರಬೇಕು. ಆದ್ದರಿಂದ ಕೊನೆಯ ಫೆರಿಯ ವೇಳೆ ತಿಳಿದುಕೊಂಡೇ ದಿನದ ಲೆಕ್ಕ ಹಾಕಿ.

ನಾಲ್ಕರಲ್ಲಿ ಯಾವುದು? ಸಮಯ ಕಡಿಮೆ ಇದ್ದರೆ ಜಯಗಡ–ತವಸಾಳ ಮತ್ತು ದಾಭೋಳ–ಧೋಪಾವೆ ಎರಡೇ ಸಾಕು. ಜಯಗಡದ ಕೋಟೆ, ದೀಪಸ್ತಂಭ, ಹೆದವಿ, ವೇಳಣೇಶ್ವರ ಎಲ್ಲ ಇವೆರಡರ ನಡುವಿನ ಹಾದಿಯಲ್ಲೇ ಸಿಗುತ್ತವೆ. ಮೂರು ನಾಲ್ಕು ದಿನ ಇದ್ದರೆ ಮುರುಡ್‌ವರೆಗೆ ಹೋಗಿ ಜಂಜೀರಾ ಸೇರಿಸಿಕೊಳ್ಳಿ. ಭಾನುವಾರ ಸಂಜೆ ಮುಂಬಯಿ–ಪುಣೆಯ ಕಾರುಗಳೆಲ್ಲ ಉತ್ತರಕ್ಕೆ ಮರಳುತ್ತಿರುತ್ತವೆ, ಧಕ್ಕೆಯಲ್ಲಿ ಸಾಲು ಬೆಳೆಯುತ್ತದೆ. ನಿಮ್ಮ ದಿಕ್ಕು ದಕ್ಷಿಣವಾಗಿರಲಿ ಅಥವಾ ದಿನ ಸೋಮವಾರವಾಗಿರಲಿ.

ಚಳಿಗಾಲದ ಕಡಲು: ನಾಲ್ಕು ದ್ವೀಪ

ನವೆಂಬರ್ ಕೊನೆಯಿಂದ ಫೆಬ್ರವರಿ, ಇದು ತೆರೆದ ಕಡಲಿನ ಕಾಲ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ತಟ್ಟೆಯಂತೆ ಮಲಗಿರುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಅಲೆ ಏಳುತ್ತದೆ. ಯಾವ ದ್ವೀಪಕ್ಕಾದರೂ ಮೊದಲ ಬೋಟು ಹಿಡಿಯಿರಿ ಎನ್ನುವುದು ಇದಕ್ಕೇ.

ಸೇಂಟ್ ಮೇರಿಸ್ ನಮ್ಮವರಿಗೆ ಎಲ್ಲಕ್ಕಿಂತ ಹತ್ತಿರ. ಮಲ್ಪೆಯಿಂದ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಆರು ಮೂಲೆಯ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿರುವ ಆ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಹೊತ್ತಿನ ಜ್ವಾಲಾಮುಖಿಯ ಗುರುತು. ಲಾವಾ ತಣಿದು ಕುಗ್ಗುವಾಗ ಸೀಳು ಬಿಟ್ಟು ಹೀಗಾಗಿವೆ. ಇದನ್ನು ತಿಳಿದು ಹೋದವರಿಗೆ ದ್ವೀಪ ಚಿನ್ನ. ಈಜಲು ಹೋಗುವವರಿಗೆ ನಿರಾಸೆ, ಯಾಕೆಂದರೆ ಅಲ್ಲಿ ನೀರಿಗಿಳಿಯಲು ನಿರ್ಬಂಧಗಳಿವೆ, ರಾತ್ರಿ ತಂಗಲೂ ಆಗದು. ಸಾಕಷ್ಟು ಜನ ಸೇರಿದ ಮೇಲೆ ಬೋಟು ಹೊರಡುತ್ತದೆ, ದ್ವೀಪದ ಬಳಿ ಸಣ್ಣ ದೋಣಿಗೆ ಇಳಿಯಬೇಕಾಗುವುದೂ ಉಂಟು. ವಾರದ ನಡುವಿನ ದಿನ ಹೋದರೆ ಕಾಯುವುದು ಹೆಚ್ಚು, ಆದರೆ ಬಂಡೆಗಳ ನಡುವೆ ಶಾಂತವಾಗಿ ಓಡಾಡಬಹುದು. ನಾನು ಆ ಕಾಯುವಿಕೆಯನ್ನೇ ಆರಿಸುತ್ತೇನೆ.

ನೇತ್ರಾಣಿ ಬೇರೆಯೇ ಜಾತಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದು ಗಂಟೆಗೂ ಮೇಲೆ. ಅಲ್ಲಿಗೆ ಹೋಗುವುದು ನೀರಿನ ಮೇಲಿನದನ್ನು ನೋಡಲು ಅಲ್ಲ, ಒಳಗಿನದನ್ನು ನೋಡಲು. ಸ್ಕೂಬಾ ಅಥವಾ ಸ್ನಾರ್ಕೆಲ್ ಮಾಡುವ ಮನಸ್ಸಿಲ್ಲದಿದ್ದರೆ ಅಷ್ಟು ದೂರ ಹೋಗಿ ಬರುವುದರಲ್ಲಿ ಅರ್ಥವಿಲ್ಲ. ನೀರು ತಿಳಿಯಾಗಿರುವುದು ಡಿಸೆಂಬರ್–ಜನವರಿಯಲ್ಲಿ.

ಮಹಾರಾಷ್ಟ್ರದ ಎರಡು ಜಲದುರ್ಗಗಳಲ್ಲಿ ಒಂದನ್ನೇ ಆರಿಸಬೇಕಾದರೆ? ಸಿಂಧುದುರ್ಗ ಮಾಲ್ವಣದ ದಡಕ್ಕೆ ತೀರ ಹತ್ತಿರ. 1664ರಲ್ಲಿ ಶಿವಾಜಿ ಕಟ್ಟಿಸಲು ಶುರುಮಾಡಿದ್ದು, ಒಳಗೆ ಆತನದೇ ಗುಡಿ, ಸಿಹಿನೀರ ಬಾವಿಗಳು, ಇಂದಿಗೂ ಕೆಲವು ಮನೆಗಳು. ದಾಟಲು ಕೆಲವೇ ನಿಮಿಷ, ಹತ್ತಿ ಇಳಿಯುವುದೂ ಸುಲಭ. ಜಂಜೀರಾಕ್ಕೆ ರಾಜಪುರಿಯಿಂದ ಹಾಯಿದೋಣಿ. ಸಿದ್ದಿಗಳ ಈ ಕೋಟೆಯನ್ನು ಮರಾಠರೂ ಗೆಲ್ಲಲಾಗಲಿಲ್ಲ. ಹಾಯಿಯ ಕೆಳಗೆ ಕೂತು, ನೇರ ನೀರಿನಿಂದ ಎದ್ದ ಗೋಡೆಯ ಬುಡಕ್ಕೆ ಬಂದಾಗ ಅದು ಯಾಕೆ ಸೋಲಲಿಲ್ಲ ಎಂಬುದು ಕಣ್ಣಿಗೇ ತಿಳಿಯುತ್ತದೆ. ಹೆಬ್ಬಾಗಿಲು ತೀರ ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ. ನೋಟಕ್ಕೆ ಜಂಜೀರಾ ಮೇಲು. ಆದರೆ ತೂಗಾಡುವ ದೋಣಿಯಿಂದ ಪಾಚಿಗಟ್ಟಿದ ಮೆಟ್ಟಿಲಿಗೆ ಕಾಲಿಡಬೇಕು, ಇದು ಎಲ್ಲರಿಗೂ ಆಗುವ ಕೆಲಸವಲ್ಲ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಸಂಸಾರ ಸಮೇತ ಹೊರಟವರಿಗೆ ಸಿಂಧುದುರ್ಗವೇ ಸರಿ.

ಮುಂಬಯಿಗೆ ಬೇರೆ ಕೆಲಸಕ್ಕೆ ಹೋದವರು ಎಲಿಫೆಂಟಾ ಸೇರಿಸಿಕೊಳ್ಳಬಹುದು. ಗೇಟ್‌ವೇಯಿಂದ ಒಂದು ಗಂಟೆ. ಸೋಮವಾರ ಗುಹೆಗಳಿಗೆ ರಜೆ.

ಅಘನಾಶಿನಿ

ಕರ್ನಾಟಕದೊಳಗೆ ಒಂದೇ ದೋಣಿ ಹತ್ತಿ ಎಂದರೆ ನಾನು ತೋರಿಸುವುದು ತದಡಿ. ಗೋಕರ್ಣಕ್ಕೆ ಬರುವ ಸಾವಿರಾರು ಜನರಲ್ಲಿ ಕೆಲವರಷ್ಟೇ ಅಲ್ಲಿಗೆ ಹೋಗುತ್ತಾರೆ, ಹೋದವರೂ ಅದನ್ನು ಕುಮಟಾಕ್ಕೆ ಅಡ್ಡದಾರಿ ಎಂದುಕೊಂಡು ದಾಟಿಬಿಡುತ್ತಾರೆ. ತದಡಿ ಬಂದರಿನಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಬೈಕುಗಳನ್ನೂ ಹತ್ತಿಸಿಕೊಂಡು ಹೋಗುತ್ತದೆ. ರಸ್ತೆಯಲ್ಲಾದರೆ ಮಿರ್ಜಾನ ಬಳಸಿ ಬರಬೇಕು.

ಶಿರಸಿಯ ಹತ್ತಿರ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಇಲ್ಲಿಗೆ ಬರುವ ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಹಾಗಾಗಿ ಘಟ್ಟದ ಮಣ್ಣು, ಸಿಹಿನೀರು ತಡೆಯಿಲ್ಲದೆ ಅಳಿವೆಗೆ ಬಂದು ಸೇರುತ್ತವೆ. ಕಾಳಿಯಲ್ಲೋ ಶರಾವತಿಯಲ್ಲೋ ವಿದ್ಯುತ್ತಿಗಾಗಿ ನೀರು ಬಿಟ್ಟಂತೆ ಅಳಿವೆಯ ಉಪ್ಪು ಬದಲಾಗುತ್ತದೆ. ಇಲ್ಲಿ ಅದು ಋತುವಿಗೆ ತಕ್ಕಂತೆ ನಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೋದರೆ ಇದರ ಫಲ ಕಾಣುತ್ತದೆ: ತೆರೆದ ಕೆಸರಿನ ಬಯಲಲ್ಲಿ ಸೊಂಟ ಬಗ್ಗಿಸಿ ಬಳಚು ಎಂಬ ಚಿಪ್ಪುಜೀವಿ ಆಯುವ ಹೆಂಗಸರು, ಅವರಿಗೆ ಸ್ವಲ್ಪ ದೂರದಲ್ಲಿ ಅದೇ ಕೆಸರನ್ನು ಕುಕ್ಕುವ ಹಕ್ಕಿಗಳು. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಇದೇ ಹಿನ್ನೀರಿನ ಅಂಚಿನವು. 2024ರ ಆರಂಭದಲ್ಲಿ ಈ ಅಳಿವೆ ರಾಮ್‌ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿ ಸೇರಿತು. ಉಬ್ಬರದಲ್ಲಿ ದೋಣಿ ಸಲೀಸು, ಇಳಿತದಲ್ಲಿ ನೋಟ ಸಮೃದ್ಧ. ಹೋಗುವಾಗ ಒಂದು, ಬರುವಾಗ ಇನ್ನೊಂದು ಸಿಗುವಂತೆ ಹೊತ್ತು ಹೊಂದಿಸಿಕೊಂಡರೆ ಒಂದೇ ದಿನದಲ್ಲಿ ಎರಡು ಬೇರೆ ನದಿ ನೋಡಿದಂತಾಗುತ್ತದೆ.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಇಳಿಯಬಹುದು. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ, ವಲಸೆ ಹಕ್ಕಿಗಳೂ ಇರುತ್ತವೆ. ಮಳೆ ಜೋರಾಗಿ ನದಿ ಕೆಂಪಾದ ದಿನಗಳಲ್ಲಿ ದಾಟಬೇಡಿ.

ಮಂಗಳೂರಿನಲ್ಲಿ ಅರ್ಧ ದಿನವಷ್ಟೇ ಇರುವವರಿಗೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಗುರುಪುರ ನದಿ ದಾಟಿಸುವ ದೋಣಿ ಇದೆ. ಟಿಪ್ಪುವಿನ ಕಾವಲುಗೋಪುರ ಈಚೆ, ಕಡಲತೀರ ಆಚೆ, ನಡುವೆ ಐದು ನಿಮಿಷ. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ಆಚೆ ಹಂಗಾರಕಟ್ಟೆ. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಪ್ರವಾಸಿ ದೋಣಿಗಳಿವೆ, ಅವು ಚೆನ್ನಾಗಿಯೇ ಇವೆ. ಆದರೂ ತದಡಿಯಷ್ಟು ಇವು ಯಾವುವೂ ಕೊಡುವುದಿಲ್ಲ.

ಬೇಸಿಗೆ

ಮಕ್ಕಳ ರಜೆ ಏಪ್ರಿಲ್–ಮೇಯಲ್ಲೇ ಬರುವುದರಿಂದ ಬಹಳ ಜನಕ್ಕೆ ಬೇರೆ ದಾರಿಯಿಲ್ಲ. ಆಗಲೂ ಹೋಗಬಹುದು, ಬೆಳಿಗ್ಗೆ ಹತ್ತರೊಳಗೆ ನೀರಿನ ಕೆಲಸ ಮುಗಿಸುವುದಾದರೆ. ಬಿಸಿಲೇರಿದಂತೆ ವಾಯವ್ಯದ ಗಾಳಿ ಏಳುತ್ತದೆ, ಕಡಲು ಕುಣಿಯುತ್ತದೆ. ಮೇ ನಡುವಿನಿಂದಾಚೆ ದ್ವೀಪದ ಯೋಜನೆ ಹಾಕಲೇಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕೇರಳದಿಂದ ಗುಜರಾತಿನವರೆಗೆ ಇಡೀ ಕರಾವಳಿ ಸವರಿಕೊಂಡು ಹೋದದ್ದು ಇದೇ ದಿನಗಳಲ್ಲಿ.

ಜೊತೆಗೆ ಯಾರಿದ್ದಾರೆ

ತಿಂಗಳು ನೋಡಿದ ಮೇಲೆ ನೋಡಬೇಕಾದದ್ದು ಜೊತೆಗಾರರನ್ನು. ಬಸ್ಸಿನ ಘಾಟಿಯಲ್ಲಿ ವಾಂತಿ ಮಾಡುವವರಿಗೆ ತೆರೆದ ಕಡಲು ಕಷ್ಟ. ಅವರನ್ನು ಅಳಿವೆಗೆ, ಹಿನ್ನೀರಿಗೆ ಕರೆದೊಯ್ಯಿರಿ. ದ್ವೀಪಕ್ಕೇ ಹೋಗಬೇಕೆಂದರೆ ಹಿಂದಿನ ರಾತ್ರಿ ಹಗುರ ಊಟ, ಬೆಳಿಗ್ಗೆ ಸ್ವಲ್ಪ ತಿಂಡಿ, ಬೋಟಿನ ನಡುಭಾಗದಲ್ಲಿ ಕೆಳಗಿನ ಆಸನ, ಕಣ್ಣು ಮೊಬೈಲಿನಿಂದ ಎತ್ತಿ ದಿಗಂತದ ಮೇಲೆ. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಬೇಕು. ತಲೆ ಸುತ್ತತೊಡಗಿದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ.

ಲೈಫ್ ಜಾಕೆಟ್ ವಿಷಯದಲ್ಲಿ ಯಾರ ಮಾತಿಗೂ ಸಡಿಲಾಗಬೇಡಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆ ಹೊರಟಿದ್ದ ಫೆರಿಗೆ ನೌಕಾಪಡೆಯ ವೇಗದ ಬೋಟು ಬಡಿದು ಮತ್ತೆ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಎರಡೂ ನಡೆದದ್ದು ಮಳೆಗಾಲದಲ್ಲಲ್ಲ, ಎಲ್ಲರೂ ನಿಶ್ಚಿಂತೆಯಿಂದ ನೀರಿಗಿಳಿಯುವ ಚಳಿಗಾಲದಲ್ಲಿ. ಕಡಲು ಶಾಂತವಾಗಿದ್ದ ಮಾತ್ರಕ್ಕೆ ದೋಣಿ ಸುರಕ್ಷಿತವಾಗುವುದಿಲ್ಲ. ಹತ್ತುವ ಮುಂಚೆ ಜನ ಎಷ್ಟಿದ್ದಾರೆ ನೋಡಿ, ಜಾಕೆಟ್ ಮಕ್ಕಳ ಅಳತೆಯದು ಇದೆಯೇ ಕೇಳಿ. ಇಲ್ಲ ಅಂದರೆ ಮುಂದಿನ ಬೋಟಿಗೆ ಕಾಯಿರಿ. ಜಾತ್ರೆ, ಹೊಸ ವರ್ಷ, ಉದ್ದ ರಜೆಯ ಭಾನುವಾರ, ಈ ದಿನಗಳಲ್ಲಿ ದ್ವೀಪ ಬಿಟ್ಟು ನದಿ ಆರಿಸುವುದು ಉತ್ತಮ.

ಮೊದಲು ಯಾವುದಕ್ಕೆ ಹೋಗಬೇಕು ಎಂಬುದಕ್ಕೆ ಇನ್ನೊಂದು ಅಳತೆಗೋಲೂ ಇದೆ: ಯಾವುದು ಮೊದಲು ಇಲ್ಲವಾಗುತ್ತದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ದಶಕಗಳ ಕಾಲ ಲಾಂಚ್ ಏರಿಯೇ ಹೋಗುತ್ತಿದ್ದೆವು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಆ ದ್ವೀಪದಂಥ ಊರುಗಳ ಜನ ಅದಕ್ಕಾಗಿ ಎಷ್ಟೋ ವರ್ಷ ಹೋರಾಡಿದ್ದರು, ಅವರಿಗೆ ಅದು ಸಿಗಲೇಬೇಕಿತ್ತು. ಕೊಂಕಣದಲ್ಲೂ ರೇವಸ್–ರೆಡ್ಡಿ ಕರಾವಳಿ ಹೆದ್ದಾರಿಗಾಗಿ ಇದೇ ಕೊಲ್ಲಿಗಳ ಮೇಲೆ ಸೇತುವೆಗಳು ಬರಲಿವೆ. ಸೇಂಟ್ ಮೇರಿಸ್ ಎಲ್ಲೂ ಹೋಗುವುದಿಲ್ಲ, ಕೊಚ್ಚಿಯ ದೋಣಿಗಳು ಹೆಚ್ಚುತ್ತಲೇ ಇವೆ. ದಾಭೋಳ, ಜಯಗಡ, ವೇಸ್ವಿ, ದಿಘಿಯ ಫೆರಿಗಳಿಗೆ ಆ ಭರವಸೆ ಇಲ್ಲ. ಈ ವರ್ಷ ದಸರಾ–ದೀಪಾವಳಿ ನಡುವೆ ನಾಲ್ಕು ದಿನ ಹೊಂದಿಸಲು ಆಗುವುದಾದರೆ, ಅಘನಾಶಿನಿಯನ್ನು ಜನವರಿಗೆ ಇಟ್ಟುಕೊಂಡು ಮೊದಲು ಅತ್ತ ಹೊರಡಿ.